ಫಾರ್ಮ್ಯಾಟ್ ಮಾಡಿದ ಮೇಲೆ ಹಾರ್ಡ್ ಡಿಸ್ಕ್ ಸರಿ ಹೋಯ್ತು ಅಂದುಕೊಳ್ಳಬೇಡಿ

ಕಂಪ್ಯೂಟರ್ ಸ್ಲೋ ಆಗಿದೆ ಅಂತ ಯಾರ ಹತ್ತಿರ ಹೇಳಿದರೂ ನಮ್ಮಲ್ಲಿ ಒಂದೇ ಉತ್ತರ: "ಒಂದ್ಸಲ ಫಾರ್ಮ್ಯಾಟ್ ಹೊಡೆಸಿಬಿಡಿ." ರಿಪೇರಿ ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಆಫೀಸಿನಲ್ಲಿ ಪಕ್ಕದ ಸೀಟಿನವರೂ ಅದನ್ನೇ ಹೇಳುತ್ತಾರೆ. ಈ ಸಲಹೆಯ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಫಾರ್ಮ್ಯಾಟ್ ಮಾಡಿದರೆ ಸ್ವಲ್ಪ ದಿನ ನಿಜವಾಗಿಯೂ ಸರಿ ಹೋಗುತ್ತದೆ. ತೊಂದರೆ ಇರೋದೇ ಅಲ್ಲಿ.

ಈಚೆಗೆ ಪಿಯುಸಿ ಓದುವ ಅಕ್ಕನ ಮಗನಿಗೆ ಅವರ ಮನೆಯದೇ ಹಳೇ ಸಿಸ್ಟಮ್ ಮತ್ತೆ ಜೋಡಿಸಿ ಕೊಟ್ಟೆ. ಇಂಟೆಲ್‌ನ ಎಚ್61 ಚಿಪ್‌ಸೆಟ್ ಇರುವ ಮದರ್‌ಬೋರ್ಡ್, ಮೂರನೇ ತಲೆಮಾರಿನ ಐ3 ಪ್ರೊಸೆಸರ್. 2012-13ರ ಹೊತ್ತಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಎಷ್ಟೋ ಜನರ ಮನೆಯಲ್ಲಿ ಇದೇ ಜೋಡಿ ಇರುತ್ತಿತ್ತು. ಹೊಸ ಕ್ಯಾಬಿನೆಟ್, ಕರೆಂಟ್ ಕೊಡುವ ಹೊಸ ಎಸ್‌ಎಂಪಿಎಸ್ ಹಾಕಿದೆ. 4 ಜಿಬಿ ಇದ್ದ ರ‍್ಯಾಮ್ 8 ಆಯಿತು. ಪ್ರೊಸೆಸರ್ ಮೇಲೆ ಒಣಗಿ ಸುಣ್ಣವಾಗಿದ್ದ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಹಾರ್ಡ್ ಡಿಸ್ಕ್ ಮಾತ್ರ ಹಳೇ 500 ಜಿಬಿಯದ್ದೇ. ವಿಂಡೋಸ್ 10 ಕೂಡ ಹಳೆಯದೇ. ಮಗು ಹುಟ್ಟಿದಾಗಿನಿಂದ ತೆಗೆದ ಫೋಟೋ ಎಲ್ಲ ಅದರಲ್ಲೇ ಇತ್ತು.

ಆನ್ ಮಾಡಿದರೆ ಡೆಸ್ಕ್‌ಟಾಪ್ ಬರುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಫೋಟೋ ಫೋಲ್ಡರ್ ಕಾಪಿಗೆ ಹಾಕಿದರೆ ಮೊದಲು ಸೆಕೆಂಡಿಗೆ 80 ಎಂಬಿ, ಆಮೇಲೆ 3, ಆಮೇಲೆ ಸೊನ್ನೆ. ಹಸಿರು ಪಟ್ಟಿ ನಿಂತೇಬಿಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಓಡುತ್ತಿತ್ತು. "ಮೊದಲು ಇಷ್ಟು ಸ್ಲೋ ಇರಲಿಲ್ಲ. ಅಂಗಡಿ ಹುಡುಗ ಫಾರ್ಮ್ಯಾಟ್ ಮಾಡ್ಸಿ ಅಂದ, ಮಾಡಿಸಿಬಿಡೋಣ್ವಾ?" ಅಂತ ಭಾವ ಕೇಳಿದರು. "ಬೇಡ ಭಾವ, ಮೊದಲು ಫೋಟೋ ಈಚೆ ತೆಗೀತೀನಿ, ಆಮೇಲೆ ಮಿಕ್ಕಿದ್ದು" ಅಂದೆ.

ಫಾರ್ಮ್ಯಾಟ್ ಯಾಕೆ ಕೆಲಸ ಮಾಡಿದ ಹಾಗೆ ಕಾಣುತ್ತದೆ ಅಂತ ಹೇಳುತ್ತೇನೆ, ಕೇಳಿ. ಡಿಸ್ಕ್‌ನಲ್ಲಿ ಒಂದು ಸೆಕ್ಟರ್, ಅಂದರೆ ಮಾಹಿತಿ ಬರೆದಿಡುವ ಒಂದು ಸಣ್ಣ ಖಾನೆ, ಸೊರಗಿದಾಗ ಡಿಸ್ಕ್ ಅದನ್ನು ತಕ್ಷಣ ಕೈಬಿಡುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಮನೆಯಲ್ಲಿ ಬಳಸುವ ಡಿಸ್ಕ್ ಒಂದೇ ಸೆಕ್ಟರ್ ಹಿಂದೆ ಎಷ್ಟೋ ಸೆಕೆಂಡು ಬೀಳುತ್ತದೆ. ಅಷ್ಟು ಹೊತ್ತು ವಿಂಡೋಸ್ ಬಾಯಿ ಬಿಟ್ಟುಕೊಂಡು ಕಾಯಬೇಕು. ನ್ಯಾಸ್‌ಗೆ (ಹಲವು ಡಿಸ್ಕ್ ಒಟ್ಟಿಗೆ ಹಾಕಿ ನೆಟ್‌ವರ್ಕ್‌ನಲ್ಲಿ ಇಡುವ ಪೆಟ್ಟಿಗೆಗೆ) ಅಂತ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಬಿಟ್ಟುಬಿಡುತ್ತವೆ. ಅಲ್ಲಿ ಪಕ್ಕದ ಡಿಸ್ಕ್‌ನಿಂದ ಆ ಮಾಹಿತಿ ಸಿಗುತ್ತದೆ ಅನ್ನೋ ಧೈರ್ಯ. ನಮ್ಮ ಡಿಸ್ಕ್‌ಗೆ ಹಿಂದೆ ಮುಂದೆ ಯಾರೂ ಇಲ್ಲ. ಓದಲಾಗದೆ ಉಳಿದ ಸೆಕ್ಟರ್‌ಗೆ ಅದು 'ಪೆಂಡಿಂಗ್' ಅಂತ ಗುರುತು ಹಾಕಿಕೊಳ್ಳುತ್ತದೆ. ಮುಂದೆ ಯಾವಾಗಲೋ ಆ ಜಾಗದ ಮೇಲೆ ಹೊಸದಾಗಿ ಏನಾದರೂ ಬರೆದಾಗ ತೀರ್ಮಾನ ಆಗುತ್ತದೆ. ಬರೆದಿದ್ದು ನಿಂತರೆ ಸರಿ. ನಿಲ್ಲದಿದ್ದರೆ ಆ ಜಾಗವನ್ನು ಮುಚ್ಚಿ, ಮೀಸಲು ಇಟ್ಟ ಸೆಕ್ಟರ್ ಒಂದನ್ನು ಅದರ ಬದಲಿಗೆ ಕೊಡುತ್ತದೆ.

ಈಗ ಫಾರ್ಮ್ಯಾಟ್‌ಗೆ ಬನ್ನಿ. ವಿಂಡೋಸ್ ವಿಸ್ಟಾದಿಂದ ಈಚೆಗೆ ಫುಲ್ ಫಾರ್ಮ್ಯಾಟ್ ಅಂದರೆ ಇಡೀ ಪಾರ್ಟಿಷನ್ (ಸಿ, ಡಿ ಅಂತ ಮಾಡಿಕೊಂಡ ಡಿಸ್ಕ್‌ನ ಭಾಗ) ಮೇಲೆ ಸೊನ್ನೆ ಬರೆಯುವುದು. ಹಾಗೆ ಬರೆದಾಗ ಪೆಂಡಿಂಗ್ ಇದ್ದ ಸೆಕ್ಟರ್‌ಗಳೆಲ್ಲ ಒಂದು ದಡ ಸೇರುತ್ತವೆ. ಕಂಪ್ಯೂಟರ್ ಸರಾಗ ಓಡುತ್ತದೆ, ಅಂಗಡಿಯವರಿಗೆ ಒಳ್ಳೇ ಹೆಸರು. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಇದೂ ಇಲ್ಲ. ಬರೀ ಫೈಲ್ ಪಟ್ಟಿ ಹೊಸದಾಗುತ್ತದೆ. ಆದರೂ ಸರಿ ಹೋದ ಹಾಗೆ ಕಾಣುತ್ತದೆ. ಯಾಕೆಂದರೆ ಖಾಲಿ ಡಿಸ್ಕ್‌ನಲ್ಲಿ ಆ ಕೆಟ್ಟ ಜಾಗವನ್ನು ಯಾರೂ ಓದಲು ಹೋಗುವುದಿಲ್ಲ. ಡಿಸ್ಕ್ ತುಂಬುತ್ತಾ ಬಂದ ಹಾಗೆ ಹಳೇ ಕಥೆ ಮತ್ತೆ ಶುರು. ಡಿಸ್ಕ್ ಹಾಳಾಗುತ್ತಾ ಇರೋದು ಮಾತ್ರ ನಿಂತಿರೋದಿಲ್ಲ.

ಇನ್ನೊಂದು ಮಾತು. "ಸಿ ಡ್ರೈವ್ ಮಾತ್ರ ಮಾಡ್ತೀವಿ, ಡಿ ಹಾಗೇ ಇರುತ್ತೆ" ಅಂತ ಭರವಸೆ ಕೊಡುತ್ತಾರಲ್ಲ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಯಲ್ಲೇ ಇರುತ್ತವೆ. ನಮ್ಮ ಜನ ಎಲ್ಲವನ್ನೂ ಡೆಸ್ಕ್‌ಟಾಪ್ ಮೇಲೇ ಇಡುತ್ತಾರೆ.

ಸರಿ, ನೋಡೋದಾದರೂ ಏನನ್ನ? ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತ ಕಂಡ ಕೂಡಲೇ ಎಲ್ಲರಿಗೂ ಗಾಬರಿ. ಆ 100% ಸುಮ್ನೆ ಹೆದರಿಸುತ್ತದೆ, ಜಾಸ್ತಿ ಏನೂ ಹೇಳುವುದಿಲ್ಲ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಡಿಸ್ಕ್‌ನ ಓದುವ ತಲೆಯ ಕೆಳಗೆ ಬರಲು ಸರಾಸರಿ ಅದರ ಅರ್ಧ. ಆ ತಲೆಯನ್ನು ಹಿಡಿದ ತೋಳು ಸರಿದು ಅಲ್ಲಿಗೆ ಹೋಗಲು ಇನ್ನೊಂದು 8-9. ಅಂದರೆ ಒಂದು ಜಿಗಿತಕ್ಕೆ 12-13 ಮಿಲಿಸೆಕೆಂಡ್, ಸೆಕೆಂಡಿಗೆ ಸುಮಾರು 80 ಜಿಗಿತ. ಒಂದೊಂದು ಸಲಕ್ಕೆ 4 ಕೆಬಿ ಅಂದುಕೊಂಡರೆ ಒಟ್ಟು ಸೆಕೆಂಡಿಗೆ 320 ಕೆಬಿ! ಗಟ್ಟಿಮುಟ್ಟಾದ ಡಿಸ್ಕ್ ಕೂಡ ಚೂರುಪಾರು ಕೆಲಸ ಬಿದ್ದಾಗ ಮಾಡೋದು ಇಷ್ಟೇ. ವಿಂಡೋಸ್ 10 ಕೊಡೋದೇ ಚೂರುಪಾರು ಕೆಲಸ. ಒಂದು ಕಡೆ ಡಿಫೆಂಡರ್ ಸ್ಕ್ಯಾನ್, ಇನ್ನೊಂದು ಕಡೆ ಸರ್ಚ್ ಇಂಡೆಕ್ಸ್, ಮತ್ತೊಂದು ಕಡೆ ಅಪ್‌ಡೇಟ್. ತುಂಬಾ ದಿನ ಬಂದ್ ಆಗಿದ್ದ ಸಿಸ್ಟಮ್ ಆನ್ ಮಾಡಿದರಂತೂ ಮೂರೂ ಒಟ್ಟಿಗೆ ಮೇಲೆ ಬೀಳುತ್ತವೆ. ರಾತ್ರಿಯೆಲ್ಲ ಆನ್ ಇಟ್ಟು ಬಿಟ್ಟುಬಿಡಿ, ಎಷ್ಟೋ ಸಲ ಬೆಳಗ್ಗೆ ಅಷ್ಟರಲ್ಲಿ ಶಾಂತವಾಗಿರುತ್ತದೆ.

100%ರ ಕೆಳಗೇ 'ಆವರೇಜ್ ರೆಸ್ಪಾನ್ಸ್ ಟೈಮ್' ಅಂತ ಇನ್ನೊಂದು ಅಂಕಿ ಇರುತ್ತದೆ. ಕಣ್ಣು ಅಲ್ಲಿರಲಿ. ಕೆಲಸ ಜಾಸ್ತಿ ಇದ್ದಾಗ ಅದು ನೂರು ಇನ್ನೂರು ಮಿಲಿಸೆಕೆಂಡಿಗೆ ಏರುವುದುಂಟು, ಚಿಂತೆ ಇಲ್ಲ. ಏನೂ ಕೆಲಸ ಇಲ್ಲದೆ ಸುಮ್ಮನೆ ಕೂತಾಗಲೂ ಸಾವಿರಗಟ್ಟಲೆ ತೋರಿಸಿದರೆ ಅದು ಕಾಯಿಲೆ. ನಮ್ಮ ಹುಡುಗನ ಸಿಸ್ಟಮ್ ಐದು ಸಾವಿರ ದಾಟುತ್ತಿತ್ತು.

ಫೋಟೋಗಳನ್ನು ಕುಂಟುತ್ತಾ ಕುಂಟುತ್ತಾ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಇಳಿಸಿಕೊಂಡ ಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿದೆ. ಪುಕ್ಕಟೆ ಸಿಗುವ ಸಣ್ಣ ಸಾಫ್ಟ್‌ವೇರ್. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ತೋರಿಸುತ್ತದೆ. ಇಷ್ಟುದ್ದ ಪಟ್ಟಿಯಲ್ಲಿ ನಾನು ನೋಡೋದು ನಾಲ್ಕೇ ಸಾಲು. 05 ಅಂದರೆ ಈಗಾಗಲೇ ಬದಲಿ ಕೊಟ್ಟ ಸೆಕ್ಟರ್. ಸಿ5 ಅಂದರೆ ಪೆಂಡಿಂಗ್. ಸಿ6 ಅಂದರೆ ಓದಲಾಗದೆ ಕೈಬಿಟ್ಟಿದ್ದು. ಈ ಮೂರೂ ನಮ್ಮ ಡಿಸ್ಕ್‌ನಲ್ಲಿ ಸೊನ್ನೆ. ನಾಲ್ಕನೆಯದು ಸಿ7. ಅದರ ಮುಂದೆ ಉದ್ದನೆಯ ಅಂಕಿ!

ಸಿ7 ಡಿಸ್ಕ್‌ನ ಒಳಗಿನ ಕಾಯಿಲೆ ಅಲ್ಲ. ಡಿಸ್ಕ್ ಮತ್ತು ಬೋರ್ಡ್ ನಡುವೆ ಹೋಗಿ ಬರುವಾಗ ಎಷ್ಟು ಸಲ ಮಾಹಿತಿ ಕೆಟ್ಟು, ಮತ್ತೆ ಕಳಿಸಬೇಕಾಯಿತು ಅನ್ನೋ ಲೆಕ್ಕ. ನಡುವೆ ಇರೋದು ಕೇಬಲ್ ತಾನೇ? ಈ ಅಂಕಿ ಒಮ್ಮೆ ಏರಿದರೆ ಇಳಿಯುವುದಿಲ್ಲ. ಆದ್ದರಿಂದ ಎಷ್ಟಿದೆ ಅನ್ನೋದಕ್ಕಿಂತ ಏರುತ್ತಾ ಇದೆಯಾ ಅಂತ ನೋಡಬೇಕು. ಒಂದು ದೊಡ್ಡ ಫೈಲ್ ಕಾಪಿ ಮಾಡಿ ನೋಡಿದೆ, ಏರಿತ್ತು. ವಿಂಡೋಸ್ ತನ್ನ ತಪ್ಪುಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ 129 ನಂಬರಿನ ಎಚ್ಚರಿಕೆ ಸಾಲುಗಟ್ಟಿತ್ತು. ಡಿಸ್ಕ್ ಉತ್ತರ ಕೊಡಲಿಲ್ಲ, ರೀಸೆಟ್ ಮಾಡಬೇಕಾಯಿತು ಅಂತ ಅದರ ಅರ್ಥ.

ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದರೆ ಕಾರಣ ಕಣ್ಣೆದುರಿಗೇ ಇತ್ತು. ಬೋರ್ಡ್ ಜೊತೆ ಬಂದಿದ್ದ ಹಳೇ ಕೆಂಪು ಸಾಟಾ ಕೇಬಲ್, ಡಿಸ್ಕ್‌ನಿಂದ ಬೋರ್ಡ್‌ಗೆ ಮಾಹಿತಿ ಒಯ್ಯುವುದು ಇದೇ. ತುದಿಯಲ್ಲಿ ಲೋಹದ ಕ್ಲಿಪ್ ಇಲ್ಲ. ಪ್ಲಾಸ್ಟಿಕ್ ಹಿಡಿತ ಸಡಿಲವಾಗಿ, ಬೆರಳು ತಾಗಿಸಿದರೆ ಅಲ್ಲಾಡುತ್ತಿತ್ತು. ಹೊಸ ಕ್ಯಾಬಿನೆಟ್‌ನಲ್ಲಿ ಹಾರ್ಡ್ ಡಿಸ್ಕ್ ಅಡ್ಡಡ್ಡ ಕೂರುತ್ತದೆ. ಬಾಗಿಲು ಮುಚ್ಚಿದಾಗ ಅದು ಕೇಬಲ್‌ನ ಕುತ್ತಿಗೆಯನ್ನೇ ಒತ್ತುತ್ತಿತ್ತು. ಮನೆ ಸಿಸ್ಟಮ್‌ನ ಸಾಟಾ ಕನೆಕ್ಟರ್ ಹಾಕಿ ತೆಗೆಯೋದಕ್ಕೆ ಸ್ಟ್ಯಾಂಡರ್ಡ್‌ನಲ್ಲಿ ಇಟ್ಟಿರೋ ಮಿತಿಯೇ 50 ಸಲ. ಹಳೇ ಸಿಸ್ಟಮ್ ಬಿಚ್ಚಿ ಜೋಡಿಸಿದ ಮೇಲೆ ಡಿಸ್ಕ್ ಸ್ಲೋ ಆದರೆ ಅದಕ್ಕೇ ನಾನು ಮೊದಲು ಕೇಬಲ್ ಮೇಲೆ ಅನುಮಾನ ಪಡೋದು. ಕ್ಲಿಪ್ ಇರುವ ಹೊಸ ಕೇಬಲ್ ಹಾಕಿದೆ, ನೂರಿನ್ನೂರು ರೂಪಾಯಿಯ ಬಾಬತ್ತು. ಸಿ7 ನಿಂತಲ್ಲೇ ನಿಂತಿತು. ಕಾಪಿ ಸೆಕೆಂಡಿಗೆ 90 ಎಂಬಿ ಸುತ್ತಮುತ್ತ ಸಮವಾಗಿ ಹೋಯಿತು. ಡಿಸ್ಕ್‌ನ ಕೊನೆಯ ಭಾಗಕ್ಕೆ ಬಂದಾಗ 50ಕ್ಕೆ ಇಳಿಯಿತು, ಅದು ಸಹಜ. ಒಳಗಿನ ಸುತ್ತು ಸಣ್ಣದು, ಹಾಗಾಗಿ ಒಂದು ಸಲ ತಿರುಗಿದಾಗ ಸಿಗೋ ಮಾಹಿತಿಯೂ ಕಮ್ಮಿ.

"ಎಚ್61ರಲ್ಲಿ 6 ಗಿಗಾಬಿಟ್ ಪೋರ್ಟ್ ಇಲ್ಲ, ಅದಕ್ಕೇ ಸ್ಲೋ" ಅನ್ನುವವರು ಸಿಗುತ್ತಾರೆ. ಪೋರ್ಟ್ ಅಂದರೆ ಬೋರ್ಡ್ ಮೇಲೆ ಸಾಟಾ ಕೇಬಲ್ ಸಿಕ್ಕಿಸುವ ಜಾಗ. ಇಲ್ಲ ಅನ್ನೋದು ನಿಜ, ಅದಕ್ಕೇ ಸ್ಲೋ ಅನ್ನೋದು ಸುಳ್ಳು. 3 ಗಿಗಾಬಿಟ್ ಪೋರ್ಟ್‌ನಲ್ಲಿ ಸೆಕೆಂಡಿಗೆ 300 ಎಂಬಿ ಹೋಗಬಹುದು. ಈ ಹಳೇ ಡಿಸ್ಕ್ ಅದರ ಅರ್ಧವೂ ಮುಟ್ಟುವುದಿಲ್ಲ.

ಪೋರ್ಟ್ ಮೇಲೇ ಅನುಮಾನ ಪಡಬೇಕಾದ ಬೋರ್ಡ್‌ಗಳೂ ಇವೆ ಅನ್ನಿ. 2011ರ ಜನವರಿ 31ರಂದು ಇಂಟೆಲ್ ತಾನೇ ಒಪ್ಪಿಕೊಂಡಿತು: ತನ್ನ 6 ಸರಣಿಯ ಚಿಪ್‌ಸೆಟ್‌ನಲ್ಲಿ (ಬೋರ್ಡ್‌ನ ಪೋರ್ಟ್‌ಗಳನ್ನು ನಡೆಸುವ ಚಿಪ್) 3 ಗಿಗಾಬಿಟ್ ಸಾಟಾ ಪೋರ್ಟ್‌ಗಳು ದಿನ ಕಳೆದ ಹಾಗೆ ಸೊರಗಬಹುದು ಅಂತ. 0 ಮತ್ತು 1ನೇ ಪೋರ್ಟ್‌ಗೆ ತೊಂದರೆ ಇರಲಿಲ್ಲ. ಸರಿಪಡಿಸೋ ಖರ್ಚು 70 ಕೋಟಿ ಡಾಲರ್ ಅಂತ ಅವರೇ ಅಂದಾಜು ಕೊಟ್ಟರು. ಆಮೇಲೆ ಬಂದ ಬಿ3 ಆವೃತ್ತಿಯಲ್ಲಿ ಅದು ಸರಿಯಾಯಿತು. ಮೊದಲ ಕಂತಿನ ಪಿ67, ಎಚ್67 ಬೋರ್ಡ್ ಇನ್ನೂ ಓಡಿಸುತ್ತಿದ್ದರೆ ಡಿಸ್ಕನ್ನು ಆ ಮೊದಲೆರಡು ಪೋರ್ಟ್‌ಗೆ ಹಾಕಿಕೊಳ್ಳಿ. ನಮ್ಮದು ಅದಾದ ಮೇಲಿನದು.

ಬೋರ್ಡ್ ಮೇಲಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡ್‌ನದೇ ಸಾಫ್ಟ್‌ವೇರ್) ಸೆಟ್ಟಿಂಗ್ ಎಲ್ಲ ಮೊದಲಿನಂತಾಗಿ, ಹಳೇ ಬೋರ್ಡ್‌ಗಳಲ್ಲಿ ಸಾಟಾ ಮೋಡ್ ಹಳೇ ಪದ್ಧತಿಯ ಐಡಿಇಗೆ ಹೋಗಿಬಿಡೋದುಂಟು. ಅದನ್ನು ಹೊಸ ಪದ್ಧತಿಯ ಎಎಚ್‌ಸಿಐಗೆ ತಂದರೆ ಒಳ್ಳೇದೇ, ಆದರೆ ಯೂಟ್ಯೂಬಿನವರು ಹೇಳುವಷ್ಟು ಚಮತ್ಕಾರ ಹಾರ್ಡ್ ಡಿಸ್ಕ್‌ನಲ್ಲಿ ಆಗುವುದಿಲ್ಲ. ವಿಂಡೋಸ್ ಒಳಗೆ ಸೇಫ್ ಮೋಡ್ ಬೂಟ್ ಗುರುತು ಹಾಕಿಕೊಂಡು ಆಮೇಲೆ ಬಯಾಸ್ ಬದಲಿಸಿ. ಸೀದಾ ಬದಲಿಸಿದರೆ ನೀಲಿ ಪರದೆ ಬರುವ ಸಾಧ್ಯತೆ ಇದೆ. ಎಕ್ಸ್‌ಪಿ ಕಾಲದ ಪಾರ್ಟಿಷನ್ ಅನ್ನು ಹೊಸ ಡಿಸ್ಕ್‌ಗೆ ಹಾಗೇ ಕ್ಲೋನ್ (ಪೂರ್ತಿ ನಕಲು) ಮಾಡಿದವರು ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಪಾರ್ಟಿಷನ್ ಎಲ್ಲಿಂದ ಶುರು ಅಂತ ನೋಡಿ. 10,48,576 ಬೈಟ್ ಇದ್ದರೆ ಸರಿ. 32,256 ಇದ್ದರೆ ಸೆಕ್ಟರಿನ ಗಡಿಗೆ ಹೊಂದುವುದಿಲ್ಲ, 4 ಕೆಬಿ ಸೆಕ್ಟರಿನ ಡಿಸ್ಕ್ ಮೇಲೆ ಬರೆಯುವಾಗಲೆಲ್ಲ ಎರಡೆರಡು ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಹಾರ್ಡ್ ಡಿಸ್ಕ್‌ನ ವಕೀಲ ಅಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು, ಮೂರನೇ ತಲೆಮಾರಿನ ಐ3 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಸಣ್ಣದೊಂದು ಎಸ್‌ಎಸ್‌ಡಿ ತಂದು ಅದರ ಮೇಲೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಹಳೇ ಡಿಸ್ಕನ್ನು ಎರಡನೇ ಡ್ರೈವ್ ಮಾಡಿದೆ. ಹಳೇ ಪೋರ್ಟ್‌ಗೆ ಎಸ್‌ಎಸ್‌ಡಿ ದಂಡ ಅನ್ನುವವರ ಮಾತು ಕೇಳಬೇಡಿ. ತೋಳು ಸರಿಯೋದು, ತಟ್ಟೆ ತಿರುಗೋದು ಎರಡೂ ಅದರಲ್ಲಿಲ್ಲ, ಲಾಭ ಇರೋದೇ ಅಲ್ಲಿ. ಆದರೆ ಎಸ್‌ಎಸ್‌ಡಿಯನ್ನೂ ಆ ಸಡಿಲ ಕೇಬಲ್‌ಗೇ ಸಿಕ್ಕಿಸಿದ್ದರೆ ಅದೂ ಹಾಗೇ ನಿಂತು ನಿಂತು ಓಡುತ್ತಿತ್ತು, ಅಲ್ವಾ?

ನಿಮ್ಮ ಡಿಸ್ಕ್‌ನಲ್ಲಿ ಸಿ5 ಅಥವಾ ಸಿ6 ಸೊನ್ನೆ ಇಲ್ಲದಿದ್ದರೆ ಫಾರ್ಮ್ಯಾಟ್ ಬೇಡ, ಡಿಫ್ರಾಗ್ ಬೇಡ, ಚೆಕ್ ಡಿಸ್ಕ್ ಕೂಡ ಈಗಲೇ ಬೇಡ. ಕೆಟ್ಟ ಸೆಕ್ಟರ್ ಹುಡುಕಲು ಚೆಕ್ ಡಿಸ್ಕ್ ಹಾಕಿದರೆ ಅದು ಡಿಸ್ಕ್ ಪೂರ್ತಿ ಓದಿಸಿ ಇನ್ನಷ್ಟು ದಣಿಸುತ್ತದೆ. ಮೊದಲು ಬೇಕಾದ ಫೈಲ್ ಈಚೆ ತೆಗೆಯಿರಿ, ತೀರಾ ಮುಖ್ಯವಾದದ್ದು ಮೊದಲು. ಅಂಗಡಿಗೆ ಒಯ್ದರೆ ಸ್ಮಾರ್ಟ್ ಪರದೆ ತೋರಿಸಿ ಅಂತ ಕೇಳಿ, ಐದು ನಿಮಿಷದ ಕೆಲಸ. ಕಾಮೆಂಟ್‌ನಲ್ಲಿ ನನ್ನನ್ನು ಕೇಳುವವರು ಆ ನಾಲ್ಕು ಸಾಲಿನ ಫೋಟೋ ಹಾಕಿ. ಡಿಸ್ಕ್‌ನ ಸೀರಿಯಲ್ ನಂಬರ್ ಮಾತ್ರ ಅಳಿಸಿ ಹಾಕಿ.