ಬೇಲಿ ಸಾಲಿನ ಗ್ರೀಕ್

ಮೊನ್ನೆ ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಯಲ್ಲಿ ತೋಟದ ಬೇಲಿ ಸವರಲು ಹೋಗಿ ಎಡಗೈ ಹೆಬ್ಬೆರಳನ್ನೂ ಒಂದಿಷ್ಟು ಸವರಿಕೊಂಡೆ. ಪೇಟೆಯವನ ಕೈಗೆ ಕತ್ತಿ ಕೊಟ್ಟದ್ದೇ ತಪ್ಪು ಎಂದು ಗೊಣಗುತ್ತ ಬಂದ ಅತ್ತೆ, "ನೋಡ್ತಾ ನಿಂತ್ಕಂಡ್ರೆ ರಕ್ತ ನಿಲ್ತದಾ ಮಾರಾಯ? ಅಲ್ಲೇ ಉಂಟಲ್ಲ ಯುಪಟೋರಿಯಂ, ನಾಲ್ಕೆಲೆ ತಿಕ್ಕಿ ಹಿಂಡು" ಎಂದರು. ಹಿಂಡಿದೆ. ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು, ರಕ್ತ ನಿಂತಿತು.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅತ್ತೆ ಎಷ್ಟು ಸಲೀಸಾಗಿ ಗ್ರೀಕ್ ಮಾತಾಡಿದರು ಎಂದು ಹೊಳೆದದ್ದು ಆಮೇಲೆ. ಯುಪೇಟರ್ ಎನ್ನುವುದು ಕಪ್ಪು ಸಮುದ್ರದ ದಂಡೆಯಲ್ಲಿದ್ದ ಪೊಂಟಸ್ ರಾಜ್ಯದ ಅರಸ ಮಿಥ್ರಿಡೇಟಿಸನ ಬಿರುದು. ಒಳ್ಳೆಯ ತಂದೆಯ ಮಗ ಎಂದರ್ಥ. ಯಾರು ಯಾವಾಗ ವಿಷ ಹಾಕುತ್ತಾರೋ ಎಂಬ ಭಯಕ್ಕೆ ದಿನಾ ಚೂರುಚೂರು ವಿಷ ತಿಂದು ಮೈಗೆ ರೂಢಿ ಮಾಡಿಕೊಂಡಿದ್ದನಂತೆ. ಕೊನೆಗೆ ರೋಮನ್ನರ ಎದುರು ಸೋತು, ಕ್ರಿ.ಪೂ. 63ರಲ್ಲಿ ತಾನೇ ವಿಷ ಕುಡಿದರೆ ಅದು ಏರಲೇ ಇಲ್ಲ. ಕತ್ತಿಯಿಂದ ಇರಿಸಿಕೊಂಡು ಸಾಯಬೇಕಾಯಿತು ಎಂದು ಕಥೆ. ಅವನು ಬಳಕೆಗೆ ತಂದನೆನ್ನುವ ಯಾವುದೋ ಮೂಲಿಕೆಗೆ ಅವನ ಹೆಸರು ಬಂತು. ಆ ಮೂಲಿಕೆ ಬೇರೆ, ಅಮೆರಿಕ ಖಂಡದಿಂದ ಬಂದು ನಮ್ಮ ಬೇಲಿ, ಬ್ಯಾಣ, ರಸ್ತೆಬದಿ ಎಲ್ಲಾ ನುಂಗಿದ ಈ ಗಿಡ ಬೇರೆ. ಹೆಸರು ಮಾತ್ರ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕೈಯಲ್ಲಿ ಇದಕ್ಕೂ ದಾಟಿತು.

ಒಮ್ಮೆ ಈ ಹುಚ್ಚು ಹಿಡಿದರೆ ಬಿಡುವುದಿಲ್ಲ. ಗುಡ್ಡದ ಮೇಲಿನ ಅಕೇಶಿಯಾ ಪ್ಲಾಂಟೇಶನ್ನನ್ನೇ ನೋಡಿ. ಅಕೇಶಿಯಾದ ಮೂಲದಲ್ಲಿರುವ ಗ್ರೀಕ್ ಮಾತಿಗೆ ಮೊನೆ, ಮುಳ್ಳು ಎಂದರ್ಥ. ನಮ್ಮ ಅಕೇಶಿಯಾಕ್ಕೆ ಹುಡುಕಿದರೂ ಒಂದು ಮುಳ್ಳಿಲ್ಲ! ಅದರ ಎರಡನೇ ಹೆಸರು ಆರಿಕ್ಯುಲಿಫಾರ್ಮಿಸ್, ಅಂದರೆ ಕಿವಿಯ ಆಕಾರದ್ದು. ಇದು ಮಾತ್ರ ನಿಜ. ಒಣಗಿ ಸುರುಟಿದ ಕಾಯಿ ಕೈಗೆತ್ತಿಕೊಂಡರೆ ಮುದುಕರ ಕಿವಿಯ ಹಾಗೇ ಕಾಣುತ್ತದೆ. ಶಿವಮೊಗ್ಗದ ಖಾಲಿ ಸೈಟುಗಳ ಪಾರ್ಥೇನಿಯಂ ಒಳಗೆ ಕೂತಿರುವವಳು ಗ್ರೀಕ್ ಕನ್ಯೆ; ಮೈ ತುರಿಸಿಕೊಳ್ಳುವವರು ನಾವು.

ಕೆಸುವಿಗೆ ಕೊಟ್ಟ ಹೆಸರಿನ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಕೊಲೊಕೇಶಿಯಾ ಎಸ್ಕುಲೆಂಟಾ. ಎಸ್ಕುಲೆಂಟಾ ಎಂದರೆ ತಿನ್ನಲು ಯೋಗ್ಯ. ಹುಣಸೆಹಣ್ಣು ಕಡಿಮೆಯಾದ ಪತ್ರೊಡೆಯನ್ನು ಆ ಪುಣ್ಯಾತ್ಮರು ಒಂದು ಸಲ ತಿಂದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಸುವರ್ಣಗಡ್ಡೆಯ ಲ್ಯಾಟಿನ್ ಹೆಸರಿನ ಅರ್ಥ ಅತ್ತೆ ಕೇಳಿದರು. ಅದನ್ನು ಹೇಳುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಇಲ್ಲ.

ಮುಟ್ಟಿದರೆ ಮುನಿಯ ವಿಷಯ ಮಾತ್ರ ಚೆಂದ. ಮಿಮೋಸಾ ಪುಡಿಕಾ: ಮಿಮೋಸ್ ಅಂದರೆ ಗ್ರೀಕರಲ್ಲಿ ಅಣಕಿಸುವ ನಟ, ಪುಡಿಕಾ ಅಂದರೆ ಲ್ಯಾಟಿನ್ನಿನಲ್ಲಿ ನಾಚಿಕೆಯವಳು. ಎಲೆ ಮಡಚಿದ್ದನ್ನು ನೋಡಿ ಅವರಿಗೆ ನಾಚಿಕೆ ಕಂಡಿತು. ನಮ್ಮಲ್ಲಿ ನಾಚಿಕೆಮುಳ್ಳು ಎಂದವರೂ ಇದ್ದಾರೆ, ಆದರೆ ಮುಟ್ಟಿದರೆ ಮುನಿ ಎಂದವರು ಅದರಲ್ಲಿ ಸಿಟ್ಟು ಕಂಡರು. ಬರಿಗಾಲಲ್ಲಿ ತುಳಿದವನಾಗಿ ನನ್ನ ಮತ ಇವರಿಗೆ.

ಅತ್ತೆಗೆ ಖುಷಿಯಾದದ್ದು ಅಡಿಕೆಯ ಸಂಗತಿ ಕೇಳಿ. 1753ರಲ್ಲಿ ಲಿನೇಯಸ್ ದೊಡ್ಡ ಗ್ರಂಥ ಬರೆದು ಪ್ರತಿ ಗಿಡಕ್ಕೂ ಎರಡೆರಡು ಮಾತಿನ ಹೆಸರು ಕೊಟ್ಟಾಗ ಅಡಿಕೆಗೆ ಸಿಕ್ಕಿದ್ದು ಅರೆಕಾ ಕಟೆಚು. ಅರೆಕಾ ಬೇರೇನಲ್ಲ, ಮಲಯಾಳದ ಅಡೆಕ್ಕವೋ ನಮ್ಮ ಅಡಿಕೆಯೋ ಪೋರ್ಚುಗೀಸರ ಬಾಯಲ್ಲಿ ಸಿಕ್ಕು ಆದದ್ದು. ಕಟೆಚು ಎಂದರೆ ಕಾಚು. "ಅಯ್ಯೋ, ಕಾಚು ಬರೋದು ಕಗ್ಗಲಿ ಮರದ ತಿರುಳಿಂದ ಅಲ್ವನಾ?" ಎಂದು ಅತ್ತೆ ಲಿನೇಯಸ್ಸನ ತಪ್ಪನ್ನು ನಿಂತಲ್ಲೇ ಹಿಡಿದರು. ಅಡಿಕೆಯಿಂದಲೂ ಅಂಥದ್ದೇ ಒಗರು ರಸ ತೆಗೆಯುತ್ತಿದ್ದರು, ನಮ್ಮ ಚೊಗರಿನ ಹಾಗೆ, ಎಂದು ನಾನು ಅವನ ಪರ ವಕಾಲತ್ತು ಮಾಡಿದೆ. ಅತ್ತೆ ಒಪ್ಪಲಿಲ್ಲ. ಚೊಗರು ಚೊಗರೇ, ಕಾಚು ಕಾಚೇ. ಅಂಗಳದ ಕೇಪಳ ಹೂವಿನ ಇಕ್ಸೋರಾ ಎಂಬ ಹೆಸರು ಈಶ್ವರನದೇ ಎಂದಾಗ ಮಾತ್ರ "ಹೌದನಾ!" ಎಂದು ಒಂದು ಹೂ ಕಿತ್ತು ಮುಡಿದುಕೊಂಡರು.

ಸಂಜೆ ಕಾಫಿ ಕುಡಿಯುವಾಗ ಇನ್ನೊಂದು ಸುದ್ದಿ ಹೇಳಿದೆ. ಯುಪಟೋರಿಯಂ ಈಗ ಯುಪಟೋರಿಯಂ ಅಲ್ಲ, 1970ರಲ್ಲೇ ಅದನ್ನು ಬೇರೆ ಮನೆಗೆ ಸೇರಿಸಿ ಕ್ರೋಮೋಲೀನಾ ಅಂತ ಮಾಡಿದ್ದಾರೆ, ಬಣ್ಣದ ಹೊದಿಕೆ ಎಂದರ್ಥ, ಎಂದು. ಅತ್ತೆ ಆ ಹೆಸರನ್ನು ಒಂದು ಸಲ ಬಾಯಲ್ಲಿ ಹೊರಳಿಸಿ ನೋಡಿದರು, ಬಿಟ್ಟರು.

"ಅದ್ಯಾವ್ದೋ ಆಗ್ಲಿ. ಬೀಜ ಹಾರೋದ್ರೊಳಗೆ ಯುಪಟೋರಿಯಂ ಬುಡ ಸಮೇತ ಕೀಳ್ಬೇಕು. ಬೆರಳು ಹೆಂಗಿದೆ, ನಾಳೆ ಕತ್ತಿ ಹಿಡೀಲಿಕ್ಕೆ ಆಗ್ತದಾ?"