ಗೇರೇ ಇಲ್ಲದ ಗಾಡಿಗೆ ಗೇರ್ ಆಯಿಲ್

"ಎಣ್ಣಿ ಬದ್ಲಿ ಮಾಡಿದ್ದೇ ಮಾಡಿದ್ದು, ಗೇರ್ ಹೆಂಗ ಬೀಳಾಕತ್ತಾವ ನೋಡ್ರಿ... ಬೆಣ್ಣಿ, ಬೆಣ್ಣಿ!"

ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ಕಾರಟಗಿ ಇನ್ನೂ ಬರಬೇಕು ಅನ್ನುವಾಗ ಒಂದು ಗ್ಯಾರೇಜು ಸಿಗುತ್ತದೆ. ಅದರ ಮುಂದೆ ನಿನ್ನೆ ಮಧ್ಯಾಹ್ನ ಮಾಮಾ ಒಬ್ಬರು ತಮ್ಮ ಹಳೇ ಟಿವಿಎಸ್ ಎಕ್ಸೆಲ್ ಮೊಪೆಡ್ ಮೇಲೆ ಕೂತು ಹೊರಡಿಸಿದ ಹೇಳಿಕೆ ಇದು. ಸುತ್ತ ನಿಂತ ನಾಲ್ಕೂ ಮಂದಿ ಹೌದೌದೆಂದು ತಲೆಯಾಡಿಸಿದರು. ಎಕ್ಸೆಲ್‌ಗೆ ಗೇರೇ ಇಲ್ಲ ಅನ್ನುವುದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಆ ಗಾಡಿಯಿಂದ ಬೀಳಲು ಬೇರೆ ಬೇಕಾದಷ್ಟಿದೆ. ಚೈನ್ ಬೀಳುತ್ತದೆ, ಸ್ಟ್ಯಾಂಡಿನ ಸ್ಪ್ರಿಂಗ್ ಬೀಳುತ್ತದೆ, ಕಾಲುವೆ ದಂಡೆಯ ತಗ್ಗಿನಲ್ಲಿ ಮುಂದಿಟ್ಟ ಯೂರಿಯಾ ಚೀಲ ಬೀಳುತ್ತದೆ. ಗೇರ್ ಮಾತ್ರ ಬೀಳುವುದಿಲ್ಲ. 1972ರಲ್ಲಿ ಬಂದ ಲೂನಾಕ್ಕೂ ಗೇರ್ ಇರಲಿಲ್ಲ, 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50ಗೂ ಇರಲಿಲ್ಲ. ಎಡಗೈ ಹಿಡಿಕೆ ತಿರುವಿ 'ಕಟಕ್' ಅನ್ನಿಸುತ್ತಿದ್ದದ್ದು ಬಜಾಜ್ ಎಂ-80. ಆ ಗಾಡಿಗಳೆಲ್ಲ ಗುಜರಿ ಸೇರಿದರೂ 'ಗೇರ್ ಬೀಳುವ' ಮಾತು ಮಾತ್ರ ಇನ್ನೂ ಎಫ್‌ಸಿ ಮಾಡಿಸಿಕೊಂಡು ಓಡಾಡುತ್ತಿದೆ.

ಹಾಗೆಂದು ಮಾಮಾರ ಅನುಭವ ಪೂರಾ ಸುಳ್ಳಲ್ಲ. ಅವರಿಗೆ ಗೊತ್ತಾದದ್ದು ಕ್ಲಚ್ಚಿನ ಹಿಡಿತ. ಇಂಜಿನ್ನಿನ ದಂಡಕ್ಕೆ ಸ್ಪ್ರಿಂಗ್ ಬಿಗಿದು ಕೂಡಿಸಿದ ಶೂಗಳಿರುತ್ತವೆ, ಸುತ್ತಲೂ ಒಂದು ಡ್ರಮ್ಮು. ಆಕ್ಸಿಲೇಟರ್ ಕೊಟ್ಟಂತೆ ಶೂಗಳು ಜಾತ್ರೆಯ ತಿರುಗುಕುರ್ಚಿಯ ಹಾಗೆ ಹೊರಕ್ಕೆ ಚಾಚಿ ಡ್ರಮ್ಮನ್ನು ಒತ್ತುತ್ತವೆ, ಹಿಂದಿನ ಗಾಲಿ ತಿರುಗುತ್ತದೆ. ಇದೆಲ್ಲ ನಡೆಯುವುದು ಎಣ್ಣೆಯೊಳಗೆ. ಶೂಗೂ ಡ್ರಮ್ಮಿಗೂ ನಡುವೆ ಇರುವ ಎಣ್ಣೆಯ ಪದರ ಹಿಂಡಿ ಹೊರಗೆ ಹೋಗಬೇಕು, ಆಮೇಲೆಯೇ ಹಿಡಿತ. ಎಣ್ಣೆ ತೀರಾ ಗಟ್ಟಿಯಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ, ಆಕ್ಸಿಲೇಟರ್ ಮುಟ್ಟುವ ಮೊದಲೇ, ಸ್ಟ್ಯಾಂಡಿನ ಮೇಲೆ ಹಿಂದಿನ ಗಾಲಿ ತಾನೇ ತಿರುಗುತ್ತಿರುತ್ತದೆ. ಎಣ್ಣೆ ಜಾರು ಜಾಸ್ತಿಯಿದ್ದರೆ ಇದರ ಉಲ್ಟಾ. ಇಂಜಿನ್ ಹುಲಿಯ ಹಾಗೆ ಗರ್ಜಿಸುತ್ತದೆ, ಗಾಡಿ ಆಕಳ ಹಾಗೆ ಮೆಲುಕು ಹಾಕುತ್ತ ನಿಂತಿರುತ್ತದೆ.

ಮಾಮಾರ ಗಾಡಿಗೆ ಹದಿನೈದು ದಿನದಿಂದ ಈ ಎರಡೂ ರೋಗ ಇದ್ದವು. ಕಾರಣ ಟ್ರ್ಯಾಕ್ಟರು. ಅದರ ಗೇರ್‌ಬಾಕ್ಸಿಗೆ ತಂದ ಇಪಿ-90 ಎಣ್ಣೆಯಲ್ಲಿ ಡಬ್ಬಿಯ ತಳಕ್ಕೆ ಅರ್ಧ ಲೀಟರ್ ಉಳಿದಿತ್ತು. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲಲು ಮನಸ್ಸು ಬರುತ್ತದೆಯೇ? ಎಕ್ಸೆಲ್‌ಗೆ ಸುರಿದರು. ಅವರ ಲೆಕ್ಕವೂ ಬಲವಾದದ್ದೇ: "ಇಂಜಿನ್ ಎಣ್ಣಿ ಬರೇ ನಲವತ್ತು, ಇದು ತೊಂಬತ್ತು. ಡಬಲ್‌ಗಿಂತಾ ಜಾಸ್ತಿ ಐತಲ್ರಿ!"

ಈ ಲೆಕ್ಕ ಕೇಳಿ ಕೇಳಿ ಕಿವಿ ತೂತಾಗಿದೆ. ಇಂಜಿನ್ ಎಣ್ಣೆಯ 40 ಬೇರೆ, ಗೇರ್ ಎಣ್ಣೆಯ 90 ಬೇರೆ. ಒಂದು ಗುಂಟೆಯ ಲೆಕ್ಕ, ಇನ್ನೊಂದು ಎಕರೆಯದು. ಎರಡನ್ನೂ 100 ಡಿಗ್ರಿಗೆ ಕಾಯಿಸಿ ಅಳೆದರೆ ಇಂಜಿನ್ ಎಣ್ಣೆ 40 ಇರುವುದು 12.5ರಿಂದ 16.3 ಸೆಂಟಿಸ್ಟೋಕ್ (ಎಣ್ಣೆಯ ಗಟ್ಟಿತನದ ಅಳತೆ) ಒಳಗೆ, ಗೇರ್ ಎಣ್ಣೆ 90 ಶುರುವಾಗುವುದೇ 13.5ರಿಂದ. ಅಂದರೆ ಬಿಸಿಯಾದ ಮೇಲೆ ಎರಡೂ ಅಕ್ಕಪಕ್ಕದ ಹೊಲದವು. ತಕರಾರು ಇರುವುದು ನಂಬರಿನಲ್ಲಲ್ಲ, ಒಳಗೆ ಬೆರೆಸಿದ ಔಷಧಿಯಲ್ಲಿ. ಇಪಿ ಎಣ್ಣೆಯಲ್ಲಿ ಹಲ್ಲು ಹಲ್ಲಿಗೆ ತಿಕ್ಕಿ ಸವೆಯದಂತೆ ಗಂಧಕ, ರಂಜಕದ ಸಂಯುಕ್ತ ಇರುತ್ತದೆ. ಟ್ರ್ಯಾಕ್ಟರಿನ ದಪ್ಪ ಹಲ್ಲಿಗೆ ಅದು ದೇವರ ವರ. ಎಕ್ಸೆಲ್ಲಿನ ಕ್ಲಚ್ ಶೂಗೆ ಶಾಪ, ಏಕೆಂದರೆ ತಿಕ್ಕಾಟ ತಪ್ಪಿಸುವುದು ಆ ಎಣ್ಣೆಯ ಕೆಲಸ, ತಿಕ್ಕಾಟದಿಂದಲೇ ಅನ್ನ ತಿನ್ನುವುದು ಕ್ಲಚ್ಚು. ಕಾರಿನ 'ಮೈಲೇಜ್ ಕೊಡುವ' ಇಂಜಿನ್ ಎಣ್ಣೆ ಹಾಕಿದರೂ ಇದೇ ಕತೆ. ಡಬ್ಬಿಯ ಹಿಂದೆ ಜಪಾನಿನವರ ಗುಣಮಟ್ಟದ ಗುರುತು, ಜಾಸೋ ಎಂಎ ಅಥವಾ ಎಂಎ2 ಅಂತ ಇದ್ದರೆ ಎಣ್ಣೆಯಲ್ಲಿ ಮುಳುಗುವ ಕ್ಲಚ್ಚಿಗೆ ನಡೆಯುತ್ತದೆ. ಎಂಬಿ ಅಂತ ಇದ್ದರೆ ಕ್ಲಚ್ಚು ಒಣಗಿರುವ ಸ್ಕೂಟರಿಗೆ. ಓದಲು ಹತ್ತು ಸೆಕೆಂಡ್ ಸಾಕು.

ಆದರೆ ನಮ್ಮ ಮಿಸ್ತ್ರಿ ಡಬ್ಬಿಯನ್ನು ಓದುವವರಲ್ಲ. ಅಕ್ಷರ ಬರುವುದಿಲ್ಲ ಅಂತಲ್ಲ, ಪೇಪರಿನಲ್ಲಿ ಭತ್ತದ ದರದಿಂದ ಹಿಡಿದು ಶ್ರದ್ಧಾಂಜಲಿ ಫೋಟೊ ತನಕ ಒಂದಕ್ಷರ ಬಿಡುವುದಿಲ್ಲ. ಎಣ್ಣೆಯ ವಿಷಯಕ್ಕೆ ಮಾತ್ರ ಬೆರಳೇ ಪ್ರಮಾಣ. ಎರಡು ಹನಿ ತೋರುಬೆರಳಿಗೆ. ಮೇಲೆ ಹೆಬ್ಬೆರಳು. ಮೂರು ಸಲ ಉಜ್ಜಿ ಮೆಲ್ಲಗೆ ಬಿಡಿಸಿ, ನಡುವೆ ಎಳೆ ಬರುತ್ತದೆಯೇ ಎಂದು ನೋಡುವುದು, ಉಂಡಿ ಕಟ್ಟುವ ಮುಂಚೆ ಹೆಂಗಸರು ಬೆಲ್ಲದ ಪಾಕ ನೋಡುವಂತೆ. ಆಮೇಲೆ ಬೆರಳು ಮೂಗಿನ ಹತ್ತಿರ ಹೋಗುತ್ತದೆ, ಕಣ್ಣು ಮುಚ್ಚುತ್ತವೆ. ಈ ಹೊತ್ತಿನಲ್ಲಿ ಗಿರಾಕಿ ಉಸಿರು ಬಿಡಬಾರದು. ಕಡೆಗೆ ಬೆರಳು ಪ್ಯಾಂಟಿಗೆ ಒರೆಸಿಕೊಳ್ಳುತ್ತದೆ. ಆ ಪ್ಯಾಂಟಿನ ಬಲತೊಡೆಯನ್ನು ಹಿಂಡಿದರೆ ಒಂದು ಗಾಡಿಗಾಗುವಷ್ಟು ಎಣ್ಣೆ ಬಂದೀತು. ತೀರ್ಪಿನಲ್ಲಿ ಎರಡೇ ಬಗೆ: "ಜೀವ ಐತಿ" ಅಥವಾ "ಜೀವ ಇಲ್ಲ." ಅಪೀಲಿಗೆ ಅವಕಾಶವಿಲ್ಲ.

ಮಿಸ್ತ್ರಿಯ ಕೈಕೆಳಗಿನ ಹುಡುಗ ಒಮ್ಮೆ ಒಂದೇ ಡಬ್ಬಿಯ 20ಡಬ್ಲ್ಯೂ-40 ಎಣ್ಣೆಯನ್ನು ಎರಡು ಬಾಟಲಿಗೆ ಹಾಕಿದ. ಒಂದನ್ನು ಬೇವಿನ ಬುಡದ ಗಡಿಗೆ ಪಕ್ಕ ಇಟ್ಟ, ಇನ್ನೊಂದನ್ನು ತಗಡಿನ ಮೇಲೆ. ನಮ್ಮ ಕಡೆಯ ಮೇ ತಿಂಗಳ ತಗಡು, ರೊಟ್ಟಿ ಬೇಯುತ್ತದೆ. ಮಧ್ಯಾಹ್ನ ಎರಡನ್ನೂ ಮುಂದಿಟ್ಟ. ನೆರಳಿನದ್ದು ಉಜ್ಜಿ "ಇದು ಕಂಪನಿ ಮಾಲು, ಜೀವ ಐತಿ" ಅಂದರು ಮಿಸ್ತ್ರಿ. ತಗಡಿನದ್ದು ಉಜ್ಜಿ, "ನೀರ್ ಐತಲ್ಲೋ ಇದು! ಡುಪ್ಲಿಕೇಟ್! ಎಲ್ಲಿಂದ ತಂದಿ?" ಹುಡುಗ ನಿಜ ಹೇಳಿದ. ಮಿಸ್ತ್ರಿ ಒಂದು ಕ್ಷಣ ಸುಮ್ಮನಿದ್ದು, "ಹಂಗಾರ ಬಿಸಲಾಗ ಇಟ್ಟ ಮ್ಯಾಲ ಡುಪ್ಲಿಕೇಟ್ ಆಗೈತಿ" ಅಂದರು.

ಎಣ್ಣೆ ಬಿಸಿಗೆ ತೆಳ್ಳಗಾಗುವುದೇ ಅದರ ಜಾತಕ. 40 ಡಿಗ್ರಿಯಲ್ಲಿ ಇದ್ದ ಗಟ್ಟಿತನ 100 ಡಿಗ್ರಿಗೆ ಏಳೆಂಟು ಪಟ್ಟು ಇಳಿಯುತ್ತದೆ. ಮೈಬಿಸಿಯ ಬೆರಳಿಗೆ ಕ್ಲಚ್ಚಿನೊಳಗಿನ ಸಂಗತಿ ತಿಳಿಯುವುದಾದರೂ ಹೇಗೆ? ಆದರೆ ಬೆರಳಿಗೂ ಒಂದು ಮರ್ಯಾದೆ ಕೊಡಬೇಕು. ಬಸಿದ ಎಣ್ಣೆ ಉಜ್ಜಿದಾಗ ಗರಗರ ಅಂದರೆ ಅದು ಲೋಹದ ಪುಡಿ, ಒಳಗೆ ಏನೋ ಸವೆಯುತ್ತಿದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳಲ್ಲಿ ಇದು ಮಾಮೂಲು: ಬಿಸಿ ಇಂಜಿನ್ನನ್ನು ಗದ್ದೆಯ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ತೂತಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಇನ್ನು ಅಳತೆ. ಗ್ಯಾರೇಜಿನಲ್ಲಿ ಅಳತೆಯ ಮಾನ ಕ್ವಾರ್ಟರ್ ಬಾಟಲಿ. 180 ಮಿಲಿ, ಸರ್ಕಾರವೇ ಖಾತ್ರಿ ಕೊಟ್ಟ ಅಳತೆ, ರಸ್ತೆಯುದ್ದಕ್ಕೂ ಪುಕ್ಕಟೆ ಸಿಗುತ್ತದೆ. ಗಾಡಿಯ ಪುಸ್ತಕದಲ್ಲಿ 350 ಅಂತ ಇದ್ದರೆ ಎರಡು ಕ್ವಾರ್ಟರಿಗೆ ಹತ್ತೇ ಮಿಲಿ ಜಾಸ್ತಿ, ತೊಂದರೆಯಿಲ್ಲ. ತೊಂದರೆ ಬರುವುದು "ಇರ್ಲಿ ಬಿಡ್ರಿ, ಇನ್ನೊಂದು" ಅನ್ನುವ ಮೂರನೆಯ ಕ್ವಾರ್ಟರಿಗೆ. ಮನುಷ್ಯನಿಗೂ ಅಲ್ಲಿಯೇ ತೊಂದರೆ. ಎಣ್ಣೆ ಹೆಚ್ಚಾದರೆ ಕ್ಲಚ್ಚು ಅದರಲ್ಲಿ ಮುಳುಗೆದ್ದು ನೊರೆ ಎಬ್ಬಿಸುತ್ತದೆ, ನೊರೆ ಉಸಿರಾಟದ ತೂತಿನಿಂದ ಉಕ್ಕುತ್ತದೆ. ಮಾಲೀಕ ಅದನ್ನು ಲೀಕೇಜ್ ಎಂದು ತಿಳಿದು ಆಯಿಲ್ ಸೀಲ್ ಹಾಕಿಸುತ್ತಾನೆ.

ಎಣ್ಣೆ ಬದಲಿಸಿ ಗೇರ್ ಬೀಳುವ ರೀತಿಯನ್ನೇ ಬದಲಿಸುವ ಆಟ ನಿಜವಾಗಿ ನಡೆಯುವುದು ಯುರೋಪಿನ ಎರಡು ವೇಗದ ಆಟೊಮ್ಯಾಟಿಕ್ ಮೊಪೆಡ್‌ಗಳಲ್ಲಿ, ಆಸ್ಟ್ರಿಯಾದ ಪುಕ್, ಸ್ಲೊವೇನಿಯಾದ ಟೊಮೊಸ್. ಅವುಗಳಲ್ಲಿ ಎರಡು ಕ್ಲಚ್ಚು. ಮೊದಲನೆಯದು ಕಡಿಮೆ ವೇಗಕ್ಕೆ ಹಿಡಿದರೆ, ಎರಡನೆಯದು ಇಂಜಿನ್ ಇನ್ನಷ್ಟು ತಿರುಗಿದ ಮೇಲೆ ಹಿಡಿದು ಎರಡನೇ ಗೇರಿಗೆ ಒಯ್ಯುತ್ತದೆ. ಅಲ್ಲಿನ ಹುಚ್ಚರು ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪೆಣ್ಣೆ, ಎಟಿಎಫ್, ಹಾಕಿ ನೋಡುತ್ತಾರೆ. ಅದರಲ್ಲೂ ಫೋರ್ಡ್ ಕಾರುಗಳಿಗೆಂದು ಬಂದ ಟೈಪ್-ಎಫ್. ಜಾರಿಸುವ ಔಷಧಿ ಇಲ್ಲದ್ದರಿಂದ ಕ್ಲಚ್ಚು ಎಳೆದಾಡದೆ ಟಕ್ಕನೆ ಹಿಡಿಯುತ್ತದೆ. 100 ಡಿಗ್ರಿಗೆ ಸುಮಾರು 7 ಸೆಂಟಿಸ್ಟೋಕ್, ನಮ್ಮ 40ರ ಅರ್ಧ. ಅಷ್ಟು ತೆಳುವಾದ್ದರಿಂದ ಹಳೇ ಸೀಲಿದ್ದರೆ ಹೊರಗೆ ಜಿನುಗುತ್ತದೆ, ಹಲ್ಲುಗಳ ಸದ್ದೂ ಏರುತ್ತದೆ. ಎರಡನೇ ಗೇರ್ ಬೇಗ ಬೀಳಬೇಕೋ ತಡವಾಗಿ ಬೀಳಬೇಕೋ ಎಂದು ಮುಖ್ಯವಾಗಿ ತೀರ್ಮಾನಿಸುವುದು ಶೂಗಳ ಸ್ಪ್ರಿಂಗ್. ಎಣ್ಣೆ ತೀರ್ಮಾನಿಸುವುದು ಅದು ಗುದ್ದಿದಂತೆ ಬೀಳುತ್ತದೋ ಜಾರಿದಂತೆ ಬೀಳುತ್ತದೋ ಅನ್ನುವುದನ್ನು.

ಪ್ರಯೋಗ ಮಾಡಲೇಬೇಕೆಂಬ ಚಟ ಇದ್ದರೆ ಹತ್ತು ನಿಮಿಷ ಓಡಿಸಿ ಎಣ್ಣೆ ಬಿಸಿ ಮಾಡಿ, ಗಾಡಿ ನೆಟ್ಟಗೆ ನಿಲ್ಲಿಸಿ, ತಳದ ಬೋಲ್ಟ್ ಬಿಚ್ಚಿ ಹನಿ ನಿಲ್ಲುವ ತನಕ ಬಸಿಯಬೇಕು. ವಾಷರ್ ಹೊಸದು ಹಾಕಬೇಕು, ಐದು ರೂಪಾಯಿ ಉಳಿಸಲು ಹಳೆಯದನ್ನೇ ತಿರುವಿ ಹಾಕಬಾರದು. ಬೋಲ್ಟಿಗೆ ರಾಡು ಸಿಕ್ಕಿಸಿ ಬಲ ತೋರಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಮುಖ್ಯವಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಮಾ ನಿನ್ನೆ ಎಣ್ಣೆ ಬದಲಿಸಿದ್ದಷ್ಟೇ ಅಲ್ಲ, ಹಿಂದಿನ ಬ್ರೇಕ್ ಸಡಿಲ ಮಾಡಿಸಿದ್ದರು, ಎರಡೂ ಗಾಲಿಗೆ ಗಾಳಿ ಹಾಕಿಸಿದ್ದರು, ಸೈಲೆನ್ಸರ್ ಸುಡಿಸಿ ಕರಿ ತೆಗೆಸಿದ್ದರು. ಬರುವಾಗ ಎರಡು ಚೀಲ ತೌಡು ಇತ್ತು, ಹೋಗುವಾಗ ಖಾಲಿ. ಹೊಗಳಿಕೆ ಎಲ್ಲ ಎಣ್ಣೆಗೆ.

ಮಾಮಾರ ಎಕ್ಸೆಲ್‌ನಂಥ ಎರಡು ಸ್ಟ್ರೋಕಿನ ಗಾಡಿಯಲ್ಲಿ ಈ ಹುಡುಗಾಟಕ್ಕಾದರೂ ಜಾಗವಿತ್ತು. ಇಂಜಿನ್ನಿಗೆ ಪೆಟ್ರೋಲಿನ ಜೊತೆ ಬೆರೆಸುವ 2ಟಿ ಎಣ್ಣೆ, ಕ್ಲಚ್ಚಿಗೆ ಬೇರೆಯೇ ಎಣ್ಣೆ. ತಪ್ಪು ಎಣ್ಣೆ ಹಾಕಿದರೂ ಬಸಿದು ಸರಿ ಮಾಡಬಹುದಿತ್ತು. 2015ರಿಂದ ಬರುತ್ತಿರುವ ಎಕ್ಸೆಲ್ 100 ನಾಲ್ಕು ಸ್ಟ್ರೋಕಿನದು, ಪಿಸ್ಟನ್ನಿಗೂ ಕ್ಲಚ್ಚಿಗೂ ಒಂದೇ ಎಣ್ಣೆ, ಪ್ರಯೋಗ ಕೆಟ್ಟರೆ ಇಂಜಿನ್ನೇ ಕೆಡುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್-6 ಬಂದ ಮೇಲೆ ಹಳೆಯ ಎರಡು ಸ್ಟ್ರೋಕಿನದು ಹೊಸದಾಗಿ ಸಿಗುವುದೂ ನಿಂತಿತು. ನಸುಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡರ್ರ್ ಎಂದು ಬರುತ್ತಿದ್ದ ಆ ಸದ್ದು, ಹಿಂದೆ ಬಿಡುತ್ತಿದ್ದ ನೀಲಿ ಹೊಗೆ, ಹೊಗೆಯ ಆ ಸಿಹಿವಾಸನೆ. ಆರೋಗ್ಯಕ್ಕೆ ಕೆಟ್ಟದ್ದೇ, ಆದರೂ ಈಗ ರಸ್ತೆಯಲ್ಲಿ ಅಪರೂಪಕ್ಕೆ ಒಂದು ಹಾದುಹೋದರೆ ಮೂಗು ಅದರ ಹಿಂದೆ ಸ್ವಲ್ಪ ದೂರ ಹೋಗಿ ಬರುತ್ತದೆ.

ನಿನ್ನೆ ಸಂಜೆ ಮಾಮಾರ ಗಾಡಿಯಿಂದ ಬಸಿದ ಕರಿ ಎಣ್ಣೆ ಕತ್ತರಿಸಿದ ಕ್ಯಾನಿನಲ್ಲಿ ಹಾಗೇ ಇತ್ತು. ಬೆಳಿಗ್ಗೆ ಮಿಸ್ತ್ರಿ ಅದನ್ನು ಉಜ್ಜಿ, ಮೂಸಿ, "ಜೀವ ಇಲ್ಲ, ಹೆಣ ಆಗೈತಿ" ಎಂದು ತೀರ್ಪು ಕೊಟ್ಟೇ ಹೊಸ ಎಣ್ಣೆಯ ಬಿಲ್ಲು ಮಾಡಿದ್ದು. ದನದ ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಹತ್ತಿದೆ, ಬಳಿಯಲು ಒಂದಿಷ್ಟು ಸುಟ್ಟೆಣ್ಣೆ ಬೇಕು ಎಂದು ಒಬ್ಬರು ಬಾಟಲಿ ಹಿಡಿದು ಬಂದರು. ಮಿಸ್ತ್ರಿ ಕ್ಯಾನಿಗೆ ಬೆರಳದ್ದಿದರು. ಮೂರು ಸಲ ಉಜ್ಜಿದರು. ಕಣ್ಣು ಮುಚ್ಚಿದರು.

"ಒಂದ್ ಬಾಟ್ಲಿಗೆ ಇಪ್ಪತ್ತು ರೂಪಾಯಿ ಆಗತೈತಿ ಅಣ್ಣಾರ. ಇದ್ರಾಗ ಇನ್ನಾ ಜೀವ ಐತಿ."