ಗಣಿತೀಯ ಜೀವವಿಜ್ಞಾನದ ಸಹಸಂಶೋಧನೆ ಪದವಿ ಹಂತದಲ್ಲೇ ಬೇಕೆ?

ಗಣಿತ ಮತ್ತು ಜೀವಶಾಸ್ತ್ರದ ಪದವಿ ವಿದ್ಯಾರ್ಥಿಗಳು ಕೂಡಿ, ಜೀವಲೋಕದ ಪ್ರಶ್ನೆಗಳನ್ನು ಸಮೀಕರಣಗಳಿಂದ ಬಿಡಿಸುವ ಸಂಶೋಧನೆ ಮಾಡಬೇಕೆ ಎಂಬುದು ಇಲ್ಲಿನ ಚರ್ಚೆ.

ಪರ

ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಏಡ್ರಿಯಾಟಿಕ್ ಸಮುದ್ರದ ಮೀನುಗಾರಿಕೆ ಕುಗ್ಗಿದಾಗ, ಟ್ರಿಯೆಸ್ಟೆ, ವೆನಿಸ್‌ಗಳಂಥ ಬಂದರುಗಳ ಮಾರುಕಟ್ಟೆಗೆ ಬರುತ್ತಿದ್ದ ಮೀನಿನಲ್ಲಿ ಶಾರ್ಕ್ ಮುಂತಾದ ಪರಭಕ್ಷಕಗಳ ಪಾಲು ಏರಿದ್ದನ್ನು ಗುರುತಿಸಿದವರು ಪ್ರಾಣಿಶಾಸ್ತ್ರಜ್ಞ ಉಂಬೆರ್ಟೊ ಡಂಕೋನಾ; ಅದರ ಕಾರಣವನ್ನು ಸಮೀಕರಣಗಳಲ್ಲಿ ಹುಡುಕಿ 1926ರಲ್ಲಿ ಪ್ರಕಟಿಸಿದವರು ಗಣಿತಜ್ಞ ವೀಟೊ ವೊಲ್ಟೆರಾ. ಇಂಥ ಜೊತೆಗಾರಿಕೆಯಿಂದ ಬೆಳೆದ ಶಾಸ್ತ್ರವನ್ನು, ಒಬ್ಬೊಬ್ಬರೇ ಕುಳಿತು ಬರೆಯುವ ಪರೀಕ್ಷೆಗಳ ಮೂಲಕವೇ ಕಲಿಸುತ್ತ ಹೋಗುವುದು ವಿಚಿತ್ರ.

ಪದವಿ ವಿದ್ಯಾರ್ಥಿಗಳಿಗೆ ಸಿದ್ಧತೆ ಸಾಲದೆಂಬ ಆಕ್ಷೇಪ ಅಷ್ಟೇನೂ ಗಟ್ಟಿಯಲ್ಲ. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಮಂಡಿಸಿದ ಸಾಂಕ್ರಾಮಿಕ ರೋಗದ ಗಣಿತ ಮಾದರಿಯ ಸರಳ ರೂಪದಲ್ಲಿ ಇರುವುದು ಸೋಂಕು ತಗಲಬಲ್ಲವರು, ಸೋಂಕಿತರು, ಚೇತರಿಸಿಕೊಂಡವರು ಎಂಬ ಮೂರು ಗುಂಪುಗಳು ಮತ್ತು ರೋಗ ಹರಡುವ ದರ, ಚೇತರಿಕೆಯ ದರ ಎಂಬ ಎರಡು ದರಗಳು ಮಾತ್ರ. ಕಲನಶಾಸ್ತ್ರದ ಮೊದಲ ಪಾಠಗಳು ತಿಳಿದಿದ್ದರೆ ಅದನ್ನು ಹಿಡಿಯಬಹುದು. ಆದರೆ ಚೇತರಿಸಿಕೊಂಡವರ ರೋಗನಿರೋಧಕ ಶಕ್ತಿ ಉಳಿಯುತ್ತದೆಯೇ, ಎಲ್ಲರೂ ಎಲ್ಲರನ್ನೂ ಸಮವಾಗಿ ಸಂಧಿಸುತ್ತಾರೆಯೇ ಎಂದು ಜೀವಶಾಸ್ತ್ರದ ವಿದ್ಯಾರ್ಥಿನಿ ಕೇಳಿದೊಡನೆ ಸಮೀಕರಣವನ್ನೇ ತಿದ್ದಬೇಕಾಗುತ್ತದೆ. ನೀವು ಹೇಳುವ ದರವನ್ನು ಅಳೆಯುವುದು ಹೇಗೆ, ಅದರ ಏಕಮಾನ ಯಾವುದು ಎಂದು ಗಣಿತದ ವಿದ್ಯಾರ್ಥಿ ಮರುಪ್ರಶ್ನೆ ಹಾಕಿದೊಡನೆ ಆಕೆಯೂ ತಡವರಿಸುತ್ತಾಳೆ. ಈ ತಡವರಿಕೆ ಎರಡು ವಿಭಾಗಗಳ ತರಗತಿಗಳು ಬೇರೆ ಬೇರೆಯಾಗಿ ನಡೆಯುವಷ್ಟು ಕಾಲ ಯಾರ ಅನುಭವಕ್ಕೂ ಬರುವುದಿಲ್ಲ.

ವಿರೋಧ

ಮಾದರಿ ಸುಲಭವಾಗಿ ಕೈಗೆ ಸಿಗುವುದೇ ಇಲ್ಲಿನ ಅಪಾಯ. ರೋಗ ಹಬ್ಬುವ ಆರಂಭದ ದಿನಗಳಲ್ಲಿ ಸೋಂಕಿತರ ಸಂಖ್ಯೆ ಏರುವ ವೇಗವನ್ನು ನಿರ್ಧರಿಸುವುದು ಹರಡುವ ದರಕ್ಕೂ ಚೇತರಿಕೆಯ ದರಕ್ಕೂ ಇರುವ ವ್ಯತ್ಯಾಸ. ದಿನಕ್ಕೆ 0.5 ಮತ್ತು 0.3 ಎಂದಿಟ್ಟುಕೊಂಡರೂ 0.3 ಮತ್ತು 0.1 ಎಂದಿಟ್ಟುಕೊಂಡರೂ ವ್ಯತ್ಯಾಸ 0.2 ಆದ್ದರಿಂದ ಎರಡೂ ಅದೇ ಅಂಕಿಅಂಶಗಳಿಗೆ ಚೆನ್ನಾಗಿ ಹೊಂದುತ್ತವೆ. ಒಬ್ಬ ಸೋಂಕಿತನಿಂದ ಸರಾಸರಿ ಎಷ್ಟು ಜನರಿಗೆ ರೋಗ ತಗಲುತ್ತದೆ ಎಂಬುದು ಮಾತ್ರ ಆ ದರಗಳ ಅನುಪಾತ. ಮೊದಲನೆಯದರಲ್ಲಿ ಅದು ಸುಮಾರು 1.7, ಎರಡನೆಯದರಲ್ಲಿ 3. ಇದನ್ನು ಅರಿಯದ ವಿದ್ಯಾರ್ಥಿ, ರೇಖೆ ಬಿಂದುಗಳ ಮೇಲೆ ಕುಳಿತಿತೆಂದರೆ ಕೆಲಸ ಮುಗಿಯಿತೆಂದು ನಂಬುತ್ತಾನೆ. ನನ್ನ ಅಂದಾಜಿನಲ್ಲಿ ವಿರೋಧದ ಅತ್ಯಂತ ಬಲವಾದ ವಾದ ಇದೇ; ವೇಳೆ ಸಾಲದು, ಮಾರ್ಗದರ್ಶಕರು ಸಾಲರು ಎಂಬ ದೂರುಗಳು ಯಾವ ವಿಷಯಕ್ಕೂ ಅನ್ವಯಿಸುವಂಥವು.

ಕೂಡಿ ಮಾಡುವುದೆಂದರೆ ಕೆಲಸ ಹಂಚಿಕೊಳ್ಳುವುದು ಎಂದಷ್ಟೇ ಆಗಿಬಿಡುವ ಭಯವೂ ಉಂಟು. ನರತಂತುವಿನ ವಿದ್ಯುತ್ ಸಂಕೇತವನ್ನು ವಿವರಿಸಿದ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಅವರ 1952ರ ಸಮೀಕರಣಗಳ ಹಿಂದೆ, ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ಅವರೇ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳಿದ್ದವು. ಲೆಕ್ಕವನ್ನು ಹಕ್ಸ್ಲಿ ಕೈಯಿಂದ ತಿರುಗಿಸುವ ಗಣಕಯಂತ್ರದಲ್ಲಿ ತಾವೇ ಹಾಕಿದರು. ಕೆಲವೇ ವಾರಗಳ ಯೋಜನೆಯಲ್ಲಿ ಒಬ್ಬ ಪ್ರೋಗ್ರಾಂ ಬರೆದು ಇನ್ನೊಬ್ಬ ಸ್ಲೈಡ್ ತಯಾರಿಸಿದರೆ, ಜೀವಕೋಶವನ್ನು ಕಾಣದವನು ಹಾಗೆಯೇ ಉಳಿಯುತ್ತಾನೆ, ಸಮೀಕರಣಕ್ಕೆ ಹೆದರುವವಳು ಹೆದರುತ್ತಲೇ ಇರುತ್ತಾಳೆ. ಅದಕ್ಕಿಂತ ಜೀವಶಾಸ್ತ್ರಜ್ಞ ಗೌಸ್ 1934ರಲ್ಲಿ ಪ್ರಕಟಿಸಿದ, ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಪ್ರಭೇದಗಳ ನಡುವಿನ ಸ್ಪರ್ಧೆಯ ಅಂಕಿಗಳಂಥ ಹಳೆಯ ದತ್ತಾಂಶವನ್ನು ಕೊಟ್ಟು, ಅದರ ಲೆಕ್ಕವನ್ನು ಇಬ್ಬರೂ ಬೇರೆ ಬೇರೆಯಾಗಿ ಮಾಡಿ ಆಮೇಲೆ ಒಬ್ಬರದನ್ನೊಬ್ಬರು ತಾಳೆ ನೋಡುವಂತೆ ಹೇಳಬಹುದು. ಅದನ್ನು ಸಂಶೋಧನೆಯೆಂದು ಕರೆಯಲೇಬೇಕೆಂಬ ಹಟ ಬೇಡ.